ಉಂಡಿ ಬೋಗುಣಿಯ ಕಪ್ಪೆಗಳು

ಎಪ್ಪತ್ತೈದನೆಯ ಇಸವಿಯ ಆರಿದ್ರಾ ಮಳೆ ಬಿದ್ದ ಮರುದಿನ ಸೋಮನಿಂಗ ಮಾಸ್ತರ ಕಪ್ಪೆ ಮಾಡಿ ತೋರಿಸುವುದಾಗಿ ಸಿಂದಗಿಯ ತನ್ನ ಶಾಲೆಯಲ್ಲಿ ಘೋಷಿಸಿಬಿಟ್ಟ.

ಗೊಳಸಂಗಿಯ ಕುರಿಗಾರರ ಮನೆತನದಲ್ಲಿ ಬಿ.ಎಸ್ಸಿ. ಪಾಸಾದ ಮೊದಲ ಜೀವ ಅವನು. ಬಿ.ಎಸ್ಸಿ. ಅಂದರೆ ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದೇ ಎಲ್ಲರೂ ನಂಬಿದ್ದರು. ಬರಬರುತ್ತ ಅವನೂ ನಂಬಿದ್ದ.

ಹೆಡ್‌ಮಾಸ್ತರ ಗೋವಿಂದರಾಯರು ಕನ್ನಡಕದ ಮೇಲಿಂದ ನೋಡಿದರು. "ಪುಸ್ತಕದಾಗ ಚಿತ್ರ ಅದ ಅಲ್ಲರಿ ಮಾಸ್ತರ. ಬೋರ್ಡಿನ ಮ್ಯಾಲೆ ತೆಗದ್ರ ಸಾಕು."

"ಚಿತ್ರ ಜಿಗಿಯೂದಿಲ್ರಿ ಸರ. ಪಂಚಮಿ ಸೂಟಿ ಮುಗದ ಮರುದಿನ ಏಳನೇ ಇಯತ್ತೆ ಹುಡುಗರಿಗೆ ಜಿಗಿಯೂ ಕಪ್ಪಿ ತೋರಸ್ತೇನಿ. ಇಲ್ಲಾಂದ್ರ ವಿಜ್ಞಾನ ಬಿಟ್ಟು ಡ್ರಿಲ್ ಹೇಳತೇನಿ."

ಡ್ರಿಲ್ಲಿಗೆ ಮಾಸ್ತರರು ಸಿಗದೆ ಒದ್ದಾಡುತ್ತಿದ್ದ ರಾಯರು ಈ ಮಾತನ್ನು ಜೋಪಾನವಾಗಿ ನೆನಪಿಟ್ಟುಕೊಂಡರು.

ಊರ ಹೊರಗಿನ ತಗ್ಗಿನಲ್ಲಿ ನೆಲಗಪ್ಪೆಯ ತತ್ತಿ ಸಿಕ್ಕಿತು. ಲೋಳೆಯ ಉದ್ದನೆಯ ದಾರ, ಅದರೊಳಗೆ ಸಾಲಾಗಿ ಪೋಣಿಸಿದ ಕರಿಯ ಕಾಳು. ಅದನ್ನಿಡಲು ಮನೆಯಲ್ಲಿ ಅಗಲ ಬಾಯಿಯ ಪಾತ್ರೆ ಒಂದೇ ಇತ್ತು: ಹೆಂಡತಿ ಕಸ್ತೂರೆವ್ವ ತವರುಮನೆ ದೇವಣಗಾಂವದಿಂದ ತಂದ ನುಣುಪು ಅಲ್ಯುಮಿನಿಯಂನ ಜರ್ಮನ್ ಬೋಗುಣಿ. ಪಂಚಮಿಯ ಉಂಡಿಗೆ ಬಿಟ್ಟರೆ ಅದು ಅಟ್ಟದಿಂದ ಇಳಿಯುತ್ತಿರಲಿಲ್ಲ.

"ಯಾರ ಕರಿಮಣಿ ಹರಕೊಂಡು ಬಂದೀರಿ?" ಎಂದಳು ಕಸ್ತೂರೆವ್ವ.

"ಕಪ್ಪಿ ತತ್ತಿ. ಜೀವ ಐತಿ ಇದರಾಗ."

"ನಮ್ಮವ್ವ ಕೊಟ್ಟ ಬೋಗುಣ್ಯಾಗ ಕಪ್ಪಿ ಸಾಕತೀರಿ? ಪಂಚಮಿಗೆ ಉಂಡಿ ಯಾದರಾಗ ಕಟ್ಲಿ, ನಿಮ್ಮ ಟೊಪಗ್ಯಾಗ?"

"ಅಷ್ಟರಾಗ ಜಿಗದು ಹೋಗತಾವ ತಗೋ."

ಕಾಳುಗಳು ಒಡೆದವು. ಎಳ್ಳಿಗೆ ಬಾಲ ಬಂದಂಥ ಮರಿಗಳು ಬೋಗುಣಿಯ ತುಂಬ ಗಿಜಿಗುಟ್ಟಿದವು. ಸೋಮನಿಂಗ ದಿನವೂ ಒಲೆಯ ಮುಂದೆ ಕೂತು ಅವಕ್ಕೆ ರಾಜಗಿರಿ ಸೊಪ್ಪು ಕುದಿಸತೊಡಗಿದ.

"ನಾ ಜ್ವರ ಬಂದು ಬಿದ್ದಾಗ ಒಂದ ಕಪ್ಪು ಚಾ ಕಾಸಲಿಲ್ಲ ಈ ಕೈ" ಎಂದಳು ಕಸ್ತೂರೆವ್ವ.

ಆದರೆ ಒಂದು ಮುಂಜಾನೆ ಕರೆದವಳು ಅವಳೇ. "ಏನ್ರಿ, ಲಗೂನ ಬರ್ರಿ. ಒಂದಕ್ಕ ಕಾಲು ಬಂದಾವ."

ಹಣೆಗೆ ಹಣೆ ತಾಗುವಂತೆ ಇಬ್ಬರೂ ಬಗ್ಗಿದರು. ನಿನ್ನೆ ಇಲ್ಲದ ಕಾಲು! ನೂಲಿಗಿಂತ ಸಣ್ಣ, ಆದರೂ ಮೊಣಕಾಲು ಸಮೇತ, ಬೆರಳು ಸಮೇತ. ಯಾರು ಹೊಲಿದರು, ಯಾವಾಗ ಹೊಲಿದರು? ಒಳಗೆ ಹಾಲು ಉಕ್ಕಿ ಒಲೆ ಆರಿದ್ದು ಇಬ್ಬರಿಗೂ ತಿಳಿಯಲಿಲ್ಲ. ಬೋಗುಣಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ನೆರೆಮನೆಯಿಂದ ಬೇರೆ ಪಾತ್ರೆ ತಂದು ಉಂಡಿ ಕಟ್ಟಿದಳು.

ನಾಗಚೌತಿಯ ದಿನ ಕೆಲವಕ್ಕೆ ಮುಂಗಾಲೂ ಬಂದವು. ಮುಂಗಾಲು ಬಂದ ಮರಿಗಳು ಸೊಪ್ಪು ಮುಟ್ಟಲಿಲ್ಲ. "ನಮ್ಮಂಗ ಅವೂ ಚೌತಿ ಉಪಾಸ ಹಿಡದಾವ" ಎಂದು ನಕ್ಕಳು ಕಸ್ತೂರೆವ್ವ. ಸಂಜೆಯ ಹೊತ್ತಿಗೆ ಆ ನಗೆ ಉಳಿಯಲಿಲ್ಲ. ನಾಲ್ಕು ಕಾಲು ಬಂದವೇ ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎರಡು ಕಾಲಿನವು ಗಟ್ಟಿಮುಟ್ಟಾಗಿದ್ದವು; ಕಪ್ಪೆಯಾಗುವ ಹೊಸ್ತಿಲಿಗೆ ಬಂದವಕ್ಕೆ ಮಾತ್ರ ಸಾವು.

ಸೋಮನಿಂಗ ನೀರು ಬದಲಿಸಿದ. ನೆರಳಿಗೆ ಸರಿಸಿದ. ಕೊನೆಗೆ ಪುಸ್ತಕ ತೆರೆದ. ನಾಲ್ಕು ಕಾಲಿನ ಮರಿಯ ಚಿತ್ರದ ಮುಂದೆ ಒಂದು ಬಾಣದ ಗುರುತು, ಬಾಣದ ಮುಂದೆ ಕಪ್ಪೆ. ಬಾಣದೊಳಗೆ ಏನು ನಡೆಯುತ್ತದೆಂದು ಯಾರೂ ಬರೆದಿರಲಿಲ್ಲ. ಕಣ್ಣ ಮುಂದೆ ಡ್ರಿಲ್ಲಿನ ಸೀಟಿ ತೂಗಾಡಿತು.

ಹಬ್ಬಕ್ಕೆಂದು ಅವನ ತಾಯಿ ಶೇವಂತೆವ್ವ ಗೊಳಸಂಗಿಯಿಂದ ಬಂದಿದ್ದಳು. ಮಣ್ಣಿನ ನಾಗಪ್ಪನಿಗೆ ಹಾಲೆರೆದದ್ದಾಯಿತು. ಮರುದಿನ, ನಾಗಪ್ಪನನ್ನು ನೀರಿಗೆ ಬಿಡುವ ದಿನ ಬಂತು. ಹೊರಗೆ ಜಡಿಮಳೆ, ಓಣಿಯ ತುಂಬ ಮೊಣಕಾಲುದ್ದ ಎರಿಮಣ್ಣಿನ ಕೆಸರು. ಪ್ಯಾಟಿಗೆ ಹೋಗಿದ್ದ ಸೋಮನಿಂಗ ಮರಳಿ ಬರುವಷ್ಟರಲ್ಲಿ ಮುದುಕಿ ಆ ಕೆಲಸ ಮುಗಿಸಿದ್ದಳು. ಬೋಗುಣಿಯ ನಟ್ಟನಡುವೆ, ಹೆಡೆಯಷ್ಟೇ ನೀರ ಮೇಲಿಟ್ಟು, ನಾಗಪ್ಪ ಕೂತಿದ್ದ.

"ಅವ್ವಾ, ಇದೇನ ಮಾಡಿದಿ? ಬಾವಿ ಇರಲಿಲ್ಲೇನು?"

"ಆ ರಾಡ್ಯಾಗ ಬಿದ್ದು ಸೊಂಟ ಮುರಕೊಂಡ್ರ ನೀ ಹೊರತೀಯೇನು? ಜೀವ ಇದ್ದ ನೀರಾಗ ಬಿಡಬೇಕೋ ಯಪ್ಪಾ. ಇದಕ್ಕಿಂತ ಜೀವ ಇದ್ದ ನೀರು ಈ ಸಿಂದಗ್ಯಾಗ ಎಲ್ಲೈತಿ?"

"ಕಪ್ಪಿ ನಡುವ ಹಾವು ಕುಂದರಿಸಿದೆಲ್ಲ!"

"ಅದಕ್ಕೂ ಹಬ್ಬ ಆಗ್ಲಿ ಬಿಡ್ರಿ" ಎಂದಳು ಒಳಗಿನಿಂದ ಕಸ್ತೂರೆವ್ವ.

ನಾಗಪ್ಪನನ್ನು ಎತ್ತಲು ಸೋಮನಿಂಗ ಕೈ ಚಾಚಿದ. ಕೈ ಅಲ್ಲೇ ನಿಂತಿತು. ಮಣ್ಣು ನೆನೆದು ನಾಗಪ್ಪ ಮೆತ್ತಗೆ ಕುಸಿದು ಇಳಿಜಾರಾಗಿದ್ದ. ಆ ಇಳಿಜಾರಿನ ಮೇಲೆ ನಾಲ್ಕು ಕಾಲಿನ ಒಂದು ಕರಿಯ ಚುಕ್ಕೆ ಏರುತ್ತಿತ್ತು. ಅದರ ಹಿಂದೆ ಇನ್ನೊಂದು. ಹೆಡೆ ಮುಟ್ಟಿ, ಗಂಟಲು ಪಟಪಟ ಬಡಿಸುತ್ತ, ಲೋಕದ ಗಾಳಿಯನ್ನು ಮೊದಲ ಸಲ ಕುಡಿಯುತ್ತ ಕೂತವು. ಆಗ ಅವನಿಗೆ ತಿಳಿಯಿತು. ಕಾಲು ಬಂದವಕ್ಕೆ ನೀರಿನ ಉಸಿರು ಮುಗಿದಿತ್ತು. ಜಾರುವ ಬೋಗುಣಿಯಲ್ಲಿ ಹತ್ತಿ ಕೂರಲು ಅಂಗೈಯಗಲ ನೆಲವಿಲ್ಲದೆ ಮುಳುಗಿ ಸತ್ತಿದ್ದವು.

ಸಂಜೆಯವರೆಗೆ ಮೂವರೂ ಅಲ್ಲಿಂದ ಏಳಲಿಲ್ಲ. ಮುಂದಿನ ಎರಡು ಮೂರು ದಿನದಲ್ಲೂ ಬಾಲ ಉದುರಲಿಲ್ಲ; ದೂರದ ಊರಿಗೆ ಹೊರಟವರು ಬುತ್ತಿ ಉಣ್ಣುವಂತೆ ಮರಿಗಳು ಅದನ್ನು ಒಳಗೊಳಗೇ ಕರಗಿಸಿಕೊಂಡವು. ಶೇವಂತೆವ್ವ ಕೈ ಮುಗಿದಳು. ನಾಗಪ್ಪನಿಗೋ, ಕಪ್ಪೆಗೋ, ಕೇಳುವ ಧೈರ್ಯ ಮಗನಿಗಾಗಲಿಲ್ಲ. ಬಿ.ಎಸ್ಸಿ. ಆದವನು ಸುಮ್ಮನೆ ಚಪ್ಪಲಿ ಕಳಚಿಟ್ಟ.

ಸೂಟಿ ಮುಗಿದ ಮರುದಿನ ಏಳನೇ ಇಯತ್ತೆ ಸಾಲುಗಟ್ಟಿ ಅವನ ಅಂಗಳಕ್ಕೆ ಬಂತು. ಉಗುರಿನಷ್ಟು ಕಪ್ಪೆಗಳು ನಾಗಪ್ಪನ ಹೆಡೆಯಿಂದ ಜಿಗಿದವು. ರಾಯರ ಡ್ರಿಲ್ ಮಾಸ್ತರರಿಲ್ಲದೆಯೇ ಉಳಿಯಿತು. ಬೋಗುಣಿಯೂ ಅಡಿಗೆಮನೆಗೆ ಮರಳಲಿಲ್ಲ. "ನಾಗಪ್ಪ ಕುಂತದ್ದು ಒಲಿ ಮ್ಯಾಲ ಹ್ಯಾಂಗ ಇಡ್ಲಿ? ಹೊಸಾದು ತರ್ರಿ" ಎಂದಳು ಕಸ್ತೂರೆವ್ವ.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ರಾಯರು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಬಂದರು.

"ಮಾಸ್ತರ, ಇಡೀ ವರ್ಗ ಕಾಪಿ ಹೊಡದದ ಏನ್ರಿ? ಕಪ್ಪಿ ಹ್ಯಾಂಗ ಆಗ್ತದ ಅಂತ ಕೇಳಿದ್ರ ಎಲ್ಲಾರೂ ಒಂದೇ ಬರದಾರ. ತತ್ತಿ, ಗೊದಮೊಟ್ಟೆ, ಎರಡು ಕಾಲು, ನಾಲ್ಕು ಕಾಲು, ನಾಗಪ್ಪ, ಕಪ್ಪೆ. ಈ ನಾಗಪ್ಪ ಎಲ್ಲಿಂದ ಬಂದ?"

ಸೋಮನಿಂಗ ಪುಸ್ತಕ ತೆರೆದು ಬಾಣದ ಗುರುತಿನ ಮೇಲೆ ಬೆರಳಿಟ್ಟ.

"ಇಲ್ಲೇ ಇರ್ತಾನ್ರಿ ಸರ. ನಮ್ಮವ್ವ ತಂದು ಕುಂದರಸೂತನಾ ನನಗೂ ಕಂಡಿರಲಿಲ್ಲ."