ಐದನೇ ಕ್ಲಾಸಿನ ಕಾಕಾ

ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಅರವತ್ಮೂರು ವರ್ಷ. ಸದ್ಯ ಐದನೇ ಕ್ಲಾಸು ಓದುತ್ತಿದ್ದಾರೆ!

ನಗಬೇಡಿ. ನಪಾಸಾಗಿ ಉಳಿದವರಲ್ಲ. ನಾಚಾರಂನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ನಟ್ಟು ಬೋಲ್ಟುಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ "ರಿಜೆಕ್ಟ್!" ಎಂದು ಬುಟ್ಟಿಗೆಸೆದು, ಮರ್ಯಾದೆಯಿಂದ ನಿವೃತ್ತರಾದವರು. ಮರುದಿನದಿಂದ ರಿಜೆಕ್ಟ್ ಮಾಡಲು ಏನೂ ಸಿಗಲಿಲ್ಲ. ಮದುವೆಯಾದವರಲ್ಲ, ಇರುವುದು ನನ್ನ ಮನೆಯಲ್ಲಿ. ಪಾಪ, ಇನ್ನೇನು ಮಾಡಿಯಾರು? ನನ್ನ ಮಗಳು ಮೇಘಾಳ ಪಾಟೀಚೀಲ ಬಿಚ್ಚಿದರು.

ಮೇಘಾ ಓದುವುದು ಮನೆಯ ಹತ್ತಿರದ ಕ್ಯಾಥೊಲಿಕ್ ಶಾಲೆಯಲ್ಲಿ, ಐದನೇ ಕ್ಲಾಸು ಬಿ ಸೆಕ್ಷನ್. ಮೊದಲು ಕಾಕಾ ಪುಸ್ತಕಗಳನ್ನು ತಿರುವಿ ಹಾಕಿದರು ಅಷ್ಟೇ. ಆಮೇಲೆ ಅಂಗಡಿಗೆ ಹೋಗಿ ಅವಳದೇ ಥರದ ನೋಟ್‌ಬುಕ್ಕು ತಂದು, ಕಂದು ಕಾಗದದ ರಟ್ಟು ಹಾಕಿ, ಚೀಟಿ ಅಂಟಿಸಿ ತಮ್ಮ ಹೆಸರು ಬರೆದರು. ಆ ಕ್ಲಾಸಿನಲ್ಲಿ ನಲವತ್ತೈದು ಮಕ್ಕಳು. ಕಾಕಾ ತಮಗೆ ತಾವೇ ರೋಲ್ ನಂಬರ್ ನಲವತ್ತಾರು ಕೊಟ್ಟುಕೊಂಡರು.

ಭಿನ್ನರಾಶಿ ಬಂದ ವಾರ ನಮ್ಮ ಮನೆಯಲ್ಲಿ ಯಾರೂ ಹೊಟ್ಟೆತುಂಬ ಉಣ್ಣಲಿಲ್ಲ. ಒಂದೊಂದು ಜೋಳದ ರೊಟ್ಟಿಯನ್ನೂ ಎಂಟು ಭಾಗ ಮಾಡಿ, ಕಾರ್ಖಾನೆಯ ಕಾಲದ ವರ್ನಿಯರ್ ಮಾಪಕ ಹಿಡಿದು ಅಂಚು ಅಳೆದರು. "ಇದು ಎಂಟನೇ ಒಂದು ಅಲ್ಲ, ಜಾಸ್ತಿ ಐತಿ. ರಿಜೆಕ್ಟ್!" ನನ್ನ ಗಂಡ ಎಂಟನೇ ಐದು ಭಾಗ ರೊಟ್ಟಿ ತಿಂದು ಆಫೀಸಿಗೆ ಹೋದರು. ಜೀರ್ಣಾಂಗಗಳ ಪಾಠ ಬಂದಾಗಿನ ಕಥೆ ಬೇಡ ಬಿಡಿ. ಪ್ರತಿ ತುತ್ತು ಈಗ ಎಲ್ಲಿಗೆ ಮುಟ್ಟಿರಬಹುದು ಎಂದು ಊಟದ ನಡುವೆಯೇ ವರದಿ ಕೊಡುತ್ತಿದ್ದರು!

ಶಾಲೆಯಲ್ಲಿ ಊಟಕ್ಕೆ ಮೊದಲು ಕಣ್ಣು ಮುಚ್ಚಿ ದೇವರಿಗೆ ಕೃತಜ್ಞತೆ ಹೇಳಿಸುತ್ತಾರೆ. ಅದೂ ಮನೆಗೆ ಬಂತು. ಎದುರಿಗೆ ಬಿಸಿ ಅನ್ನ, ಮೇಲೆ ತುಪ್ಪ, ನಾವೆಲ್ಲ ಕಣ್ಣು ಮುಚ್ಚಿ ಕೂತಿದ್ದೇವೆ. ನನಗೆ ತಡೆಯಲಾಗಲಿಲ್ಲ.

"ಕಾಕಾ, ದೇವರಿಗೇನೋ ಹೇಳಿದ್ರಿ. ಅಡಿಗಿ ಮಾಡಿದಾಕಿಗೆ ಯಾರೂ ಥ್ಯಾಂಕ್ಸ್ ಹೇಳಂಗಿಲ್ಲೇನ್ರಿ?"

ಕಾಕಾ ಕಣ್ಣು ತೆರೆಯದೆ ಅಂದರು, "ಅದು ಆರನೇ ಕ್ಲಾಸಿನ್ಯಾಗ ಬರ್ತೈತವ್ವಾ."

ಒಂದು ದಿನ ಮೇಘಾ ತನ್ನ ಸಣ್ಣಜ್ಜನ, ಅಂದರೆ ಕಾಕಾನ, ನೋಟ್‌ಬುಕ್ಕನ್ನೂ ತನ್ನದರ ಜೊತೆ ಸಿಸ್ಟರ್ ಮೇಜಿನ ಮೇಲೆ ಇಟ್ಟು ಬಂದಳು. ಸಿಸ್ಟರ್ ಎಂದರೆ ಅವಳ ಕ್ಲಾಸ್ ಟೀಚರು, ಕೇರಳದ ಕಡೆಯ ಸನ್ಯಾಸಿನಿ, ಕಟ್ಟುನಿಟ್ಟಿನವರು. ನನ್ನನ್ನು ಕರೆಸಿ, ಇಷ್ಟು ಚೆಂದದ ಅಕ್ಷರದ ಈ ನಲವತ್ತಾರನೇ ಮಗು ಯಾವುದು ಎಂದು ಹಿಂದಿಯಲ್ಲಿ ಕೇಳಿದರು. ಹೇಳಿದೆ. ಮೇಜು ಹಿಡಿದುಕೊಂಡು ನಕ್ಕರು! ಅಂದಿನಿಂದ ಆ ನೋಟ್‌ಬುಕ್ಕನ್ನೂ ತಿದ್ದಿ, ಕೊನೆಗೆ ಕೆಂಪು ನಕ್ಷತ್ರ ಹಾಕಿ ಕಳಿಸತೊಡಗಿದರು. ಕಾಕಾ ಆ ನಕ್ಷತ್ರಗಳನ್ನು ಹಾಲಿನವನಿಗೆ ತೋರಿಸಿದರು, ವಾಚ್‌ಮನ್‌ಗೆ ತೋರಿಸಿದರು, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರನ್ನೂ ಬಿಡಲಿಲ್ಲ. ಇಡೀ ವರ್ಷ ಒಂದು ನಕ್ಷತ್ರವೂ ತಪ್ಪಿರಲಿಲ್ಲ.

ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳಲ್ಲಿ ಆ ಶಾಲೆಯಲ್ಲಿ ವಾರಕ್ಕೊಂದು ಒಳ್ಳೆಯ ಕೆಲಸದ ಹೋಮ್‌ವರ್ಕು. ಪುಟದಲ್ಲಿ ಮೂರು ಮನೆ: ಯಾರಿಗೆ ಮಾಡಿದೆ, ಏನು ಮಾಡಿದೆ, ಅವರ ಸಹಿ. ಮೊದಲ ವಾರ ಹಕ್ಕಿಗಳಿಗೆ ನೀರಿಡುವುದು. ಪಾರಿವಾಳದ ಸಹಿ ಹೇಗೆ ತರುವುದು ಎಂದು ಕಾಕಾ ಎರಡು ದಿನ ಒದ್ದಾಡಿದರು. ಎರಡನೇ ವಾರ ಮನೆಗೆಲಸದಲ್ಲಿ ನೆರವು. ನಾನು ತೊಳೆದಿಟ್ಟ ಪಾತ್ರೆಗಳಲ್ಲಿ ಅರ್ಧವನ್ನು ರಿಜೆಕ್ಟ್ ಮಾಡಿ, ಇದೇ ನೆರವು ಎಂದು ನನ್ನಿಂದಲೇ ಸಹಿ ಹಾಕಿಸಿಕೊಂಡರು!

ಮೂರನೇ ವಾರ: ಬಹಳ ದಿನದಿಂದ ಮಾತು ಬಿಟ್ಟವರ ಬಳಿ ಹೋಗಿ ಕ್ಷಮೆ ಕೇಳಿ.

ಮೇಘಾ ಗೆಳತಿಯೊಬ್ಬಳಿಗೆ ಸಾರಿ ಹೇಳಿ, ಸಹಿ ತಂದು, ಆಟಕ್ಕೆ ಓಡಿದಳು. ಕಾಕಾ ಪುಟ ತೆರೆದರು, ಪೆನ್ನಿನ ಮುಚ್ಚಳ ಬಿಚ್ಚಲಿಲ್ಲ.

ಯಾಕೆಂದು ನನಗೆ ಗೊತ್ತು. ಆರು ವರ್ಷದ ಹಿಂದೆ, ನನ್ನ ತಂಗಿಯ ಮದುವೆ. ಕಲಬುರಗಿಯಿಂದ ಅಡುಗೆಯವರನ್ನು ಕರೆಸಿ ಅಪ್ಪ ಹೋಳಿಗೆ ಮಾಡಿಸಿದ್ದರು. ಬೀಗರ ಪಂಕ್ತಿಯಲ್ಲಿ ಕಾಕಾ ಜೇಬಿನಿಂದ ವರ್ನಿಯರ್ ತೆಗೆದು, "ಅಂಚು ಭಾಳ ದಪ್ಪ ಆಗ್ಯಾವ. ರಿಜೆಕ್ಟ್!" ಎಂದರು. ಅಪ್ಪನ ಮುಖ ಕೆಂಪಾಯಿತು. "ಮದುವಿ ಆಗಲಾರದವನಿಗೆ ಮದುವಿ ಊಟದ ಬಗ್ಗೆ ಏನ್ ಗೊತ್ತು?" ಎಂದು ಎಲ್ಲರೆದುರು ಅಂದುಬಿಟ್ಟರು. ಕಾಕಾ ಎಲೆ ಬಿಟ್ಟು ಎದ್ದರು. ಅಂದಿನಿಂದ ಇದೇ ಊರಿನ ಕಾಚಿಗೂಡದಲ್ಲಿರುವ ಅಪ್ಪನ ಮನೆಗೆ ಕಾಲಿಟ್ಟವರಲ್ಲ. ಅಪ್ಪನೂ ಬಂದವರಲ್ಲ.

"ನಿನಗ ಸಾರಿ ಅಂತೀನಿ, ನೀನ ಸಹಿ ಹಾಕಿಬಿಡು," ಎಂದು ನನ್ನ ಹತ್ತಿರ ಬಂದರು.

"ನನ್ನ ಜೋಡಿ ದಿನಾ ಜಗಳಾಡ್ತೀರಿ. ಮಾತು ಬಿಟ್ಟೋರು ಬೇಕಂತ್ರಿ."

ಪುಟ ಖಾಲಿಯಾಗಿಯೇ ಹೋಯಿತು. ಮರಳಿ ಬಂದಾಗ ನಕ್ಷತ್ರವಿರಲಿಲ್ಲ. ಕೆಂಪು ಶಾಯಿಯಲ್ಲಿ ಒಂದೇ ಮಾತು: ಅಪೂರ್ಣ. ಕಾಕಾ ಆ ರಾತ್ರಿ ಉಣ್ಣಲಿಲ್ಲ. ನಾನು ಬೆನ್ನಿಗೆ ಬೀಳಲಿಲ್ಲ. ಬೆನ್ನಿಗೆ ಬಿದ್ದವಳು ಮೇಘಾ.

"ಸಣ್ಣಜ್ಜ, ಈ ಸಲ ನೀವ ರಿಜೆಕ್ಟ್ ಆದ್ರಿ ಏನು?"

ಭಾನುವಾರ ಬೆಳಿಗ್ಗೆ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ಆಟೋ ಕರಿ," ಎಂದರು. ದಾರಿಯುದ್ದಕ್ಕೂ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಕೂತಿದ್ದರು. ಅಪ್ಪ ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ಕಳಿಸಿದರೆ ಈ ಮನುಷ್ಯ ಇನ್ನೆಂದೂ ಯಾರ ಮನೆಯ ಹೊಸ್ತಿಲನ್ನೂ ತುಳಿಯುವುದಿಲ್ಲ ಎಂದು ನನಗೆ ಭಯವಾಗಿತ್ತು.

ಅಪ್ಪ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ತಲೆಯೆತ್ತಿ ನೋಡಿದರು. ಕಾಕಾ ಹೊಸ್ತಿಲ ಹೊರಗೇ ನಿಂತು ನೋಟ್‌ಬುಕ್ಕು ಚಾಚಿದರು.

"ಹೋಮ್‌ವರ್ಕ್ ಐತಿ. ನಿನ್ನ ಸಹಿ ಬೇಕು."

ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ವರ್ಷವೆಲ್ಲ ಇಂಗ್ಲಿಷಿನಲ್ಲಿ ಬರೆದ ಕಾಕಾ ಆ ಒಂದು ಪುಟವನ್ನು ಕನ್ನಡದಲ್ಲಿ ಬರೆದಿದ್ದರು. "ಯಾರಿಗೆ: ಅಣ್ಣನಿಗೆ. ಏನು: ಹೋಳಿಗಿ ಚಲೋ ಇದ್ದವು. ತಪ್ಪು ನನ್ನದು."

ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟರು.

"ಸುಳ್ಳು ಬರದೀಯಲ್ಲೋ," ಎಂದರು. "ಅಂಚು ದಪ್ಪನ ಇದ್ವು. ನನಗೂ ಗೊತ್ತಿತ್ತು."

ಸಹಿ ಹಾಕಿದರು. ನೋಟ್‌ಬುಕ್ಕನ್ನು ಮಾತ್ರ ಮರಳಿ ಕೊಡಲಿಲ್ಲ. ಕೆಳಗೆ ಇನ್ನೊಂದು ಗೆರೆ ಎಳೆದು ತಾವೂ ಬರೆದರು: ಯಾರಿಗೆ, ತಮ್ಮನಿಗೆ. ಏನು, ಆಡಬಾರದ ಮಾತು ಆಡಿದೆ. "ಒಳಗ ಬಾ. ಇಲ್ಲಿ ನೀ ಸಹಿ ಹಾಕು."

ಕಾಕಾ ಹೊಸ್ತಿಲು ದಾಟಿ ಬಂದು ಅಪ್ಪನ ಪಕ್ಕ ಕೂತರು. ಸಹಿ ಗೆರೆ ಬಿಟ್ಟು ಸೊಟ್ಟಗೆ ಹೋಯಿತು, ಕೊನೆಯ ಅಕ್ಷರದ ಮೇಲೆ ಒಂದು ಹನಿ ಬಿದ್ದು ಶಾಯಿ ಹರಡಿತು. ನನಗೂ ಅಳು ಬಂತು. ಮೂವತ್ತೊಂದು ವರ್ಷ ಕೂದಲೆಳೆಯಷ್ಟು ತಪ್ಪನ್ನೂ ಬಿಡದ ನಮ್ಮ ಕಾಕಾ ಆ ಸೊಟ್ಟ ಸಹಿಯನ್ನು ಒಂದು ಗಳಿಗೆ ನೋಡಿ, ಮೂಗೊರೆಸಿಕೊಂಡು ಅಂದರು:

"ಇರಲಿ. ಪಾಸ್."