ಏಕಾಂತಪ್ಪನವರ ಎಡಗಡೆಯ ಪೆಡಲು

“ಸೋಮವಾರ ಬೆಳಗ್ಗೆ ಹತ್ತಕ್ಕ ನನ್ನ ಗಲ್ಲೇದ ಮ್ಯಾಲ ನಾ ಇರ್ತೀನಿ! ಇಲ್ಲಂದ್ರ ನನ್ನ ಹೆಸರು ಏಕಾಂತಪ್ಪ ಅಲ್ಲ!”

ಹೀಗೆಂದು ಏಕಾಂತಪ್ಪನವರು ಗುಡುಗಿದ್ದು ಮಂಚದ ಮೇಲೆ ಮಲಗಿಕೊಂಡೇ. ಎದ್ದು ಕೂತು ಗುಡುಗುವುದಕ್ಕೆ ಹೆಂಡತಿ ಕೊಟ್ರಬಸಮ್ಮನವರ ಅಪ್ಪಣೆ ಇರಲಿಲ್ಲ.

ಹಗರಿಬೊಮ್ಮನಹಳ್ಳಿಯ ಬಜಾರಿನಲ್ಲಿ ಮೂವತ್ತೆರಡು ವರ್ಷಗಳಿಂದ ಅವರದೊಂದು ಹಾರ್ಡ್‌ವೇರ್ ಅಂಗಡಿ. ನಾಲ್ಕು ತಿಂಗಳ ಹಿಂದೆ ಅಲ್ಲೇ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ ಕೂತಿದ್ದಾಗ ಎದೆ ಹಿಡಿದುಕೊಂಡಿತು. ದಾವಣಗೆರೆಗೆ ಹೊತ್ತೊಯ್ದು ಎರಡು ಸ್ಟೆಂಟ್ ಹಾಕಿಸಿದರು. ಜೀವ ಉಳಿಯಿತು, ಉಳಿದದ್ದೆಲ್ಲ ಹೋಯಿತು! ಊಟದಿಂದ ಉಪ್ಪು ಹೋಯಿತು. ಗೂಟದಿಂದ ಬೈಕಿನ ಕೀಲಿ ಹೋಗಿ ಹೆಂಡತಿಯ ಸೊಂಟ ಸೇರಿತು. ಕ್ಷೌರದಂಗಡಿಗೆ ಹೋದರೂ ಆಕೆ ಜೊತೆಗೇ ಬಂದು, ಕತ್ತರಿ ಆಡುವಷ್ಟು ಹೊತ್ತೂ ಬೆಂಚಿನ ಮೇಲೆ ಕೂತು ಗಂಡನ ಉಸಿರು ಎಣಿಸುವವಳು. ‘ಎಂಟು ದಿನದ ಮಟ್ಟಿಗೆ’ ಎಂದು ಗಲ್ಲೆ ಏರಿದ ಆಕೆಯ ತಮ್ಮ ಸೋಮಶೇಖರ ನಾಲ್ಕು ತಿಂಗಳಾದರೂ ಇಳಿದಿರಲಿಲ್ಲ.

ಈ ಸೆರೆವಾಸಕ್ಕೆ ಒಂದು ಕಿಂಡಿ ತೆರೆದವರು ಡಾಕ್ಟರು. “ಸೈಕಲ್ ತುಳೀರಿ, ಒಳ್ಳೇದು. ಆದರೆ ಸುಸ್ತಾದ ಕೂಡಲೇ ನಿಲ್ಲಿಸಬೇಕು” ಎಂದರು.

“ನಿಲ್ಸಿದ ಮ್ಯಾಲ ಸೈಕಲ್ ಏನ್ಮಾಡೋದ್ರಿ ಡಾಕ್ಟ್ರ? ತಲಿ ಮ್ಯಾಲ ಹೊತ್ಕಂಡ್ ಬರ್ಬೇಕಾ?” ಎಂದು ಕೊಟ್ರಬಸಮ್ಮ ಕೇಳಿದರು.

ಅದಕ್ಕೆ ಮಗಳು ಗೀತಾಂಜಲಿ ಉತ್ತರ ಹುಡುಕಿ ಕಳಿಸಿದಳು: ಮಡಚುವ ಸೈಕಲ್ಲು! ಸುಸ್ತಾದರೆ ಮಡಚು, ಆಟೋದಲ್ಲಿಡು, ಮನೆಗೆ ಬಾ. ಕೊಟ್ರಬಸಮ್ಮನವರು ಒಪ್ಪಿದರು. ಆದರೆ ಬರೀ ಒಪ್ಪಲಿಲ್ಲ, ಕರಾರು ಹಾಕಿದರು.

“ಮನಿಯಿಂದ ಅಂಗಡಿ ತನಕ ಒಬ್ರ ಹೋಗ್ರಿ. ಬೀಳಲಾರದ ಮುಟ್ಟಿದ್ರ ಗಲ್ಲೆ ನಿಮ್ದು. ಬಿದ್ರ ಸೋಮಣ್ಣಂದು ಕಾಯಂ. ಮತ್ತ ಆ ಸುದ್ದಿ ತೆಗಿಬಾರ್ದು, ಮನ್ಯಾಗ ಟೀವಿ ನೋಡ್ಕೆಂತ ಕುಂದ್ರಬೇಕು.”

ಏಕಾಂತಪ್ಪನವರಿಗೆ ಎದೆನೋವಿಗಿಂತ ಈ ಟೀವಿಯ ಭಯವೇ ಹೆಚ್ಚಾಗಿತ್ತು.

ಡಬ್ಬಿ ಬಂದದ್ದು ಭಾನುವಾರ. ಸೈಕಲ್ಲು ಅರ್ಧ ಜೋಡಿಸಿದ್ದು; ಪೆಡಲು, ಸೀಟು ಬೇರೆ ಬೇರೆ. ಪಕ್ಕದ ಓಣಿಯಲ್ಲಿ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದ ಕೊಟ್ರಬಸಮ್ಮ, “ಸೈಕಲ್ ಶಾಪಿನ ಹುಲುಗಣ್ಣನ್ನ ಕರಸ್ರಿ” ಎಂದರು.

“ನಟ್ಟು-ಬೋಲ್ಟು ಕಿಲೋಗಟ್ಲೆ ಮಾರಿದಾಂವ ನಾನು! ನನಗ ಹುಲುಗಣ್ಣ ಹೇಳ್ಕೊಡಬೇಕಾ?”

ಮಾರಿದ್ದು ನಿಜ. ಆದರೆ ಮೂವತ್ತೆರಡು ವರ್ಷದಲ್ಲಿ ಅವರು ಒಂದೇ ಒಂದು ನಟ್ಟನ್ನೂ ಸ್ವಂತ ಕೈಯಿಂದ ಬಿಗಿ ಮಾಡಿದವರಲ್ಲ. ಮನೆಯ ನಲ್ಲಿ ಸೋರಿದರೂ ಬೇರೆಯವರೇ ಬರಬೇಕು! ಡಬ್ಬಿಯಲ್ಲಿದ್ದ ಪುಸ್ತಿಕೆಯನ್ನು ತಿರುವಿದರು; ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಕೈ ಹಳೆಯ ರೂಢಿಯಂತೆ ನಡೆದು, ನಾಲ್ಕನೆಯ ಪುಟ ಹರಿದು, ಬಿಡಿ ಸ್ಕ್ರೂಗಳಿಗೆ ಚೊಕ್ಕ ಪೊಟ್ಟಣವಾಯಿತು. ಎಡಗಡೆಯ ಪೆಡಲಿನ ವಿಷಯ ದಪ್ಪಕ್ಷರದಲ್ಲಿ ಇದ್ದದ್ದು ಆ ನಾಲ್ಕನೆಯ ಪುಟದಲ್ಲೇ.

ನಡುವಿನ ಕೀಲು ಬಿಚ್ಚಿ ಕೊಂಡಿ ಒತ್ತಿದರು. ಟಕ್! ಹ್ಯಾಂಡಲ್ ಎತ್ತಿ ನಿಲ್ಲಿಸಿದರು. ಟಕ್! ಬಲಗಡೆಯ ಪೆಡಲು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಎಡಗಡೆಯದು ಮಾತ್ರ ಒಲ್ಲೆ ಎಂದಿತು.

ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ಇದು ಅವರು ಗಿರಾಕಿಗಳಿಗೆ ಜನ್ಮವಿಡೀ ಬೋಧಿಸಿದ ಮಹಾತತ್ವ. ಅಲ್ಲದೆ ಆರತಿ ಎತ್ತುವುದು ಬಲಕ್ಕೆ, ಗುಡಿ ಸುತ್ತುವುದು ಬಲಕ್ಕೆ. ಗಲ್ಲೆಗೆ ಮರಳುವ ಶುಭಕಾರ್ಯದಲ್ಲಿ ಎಡಕ್ಕೆ ತಿರುಗಿಸುವುದೆಂದರೇನು! ಸ್ಪ್ಯಾನರಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಬಲಕ್ಕೇ ಒತ್ತಿದರು. ಕರ್ರ್ ಎಂದಿತು. ಪೆಡಲು ಒಳಗೆ ಹೋಯಿತು. ಸ್ವಲ್ಪ ಸೊಟ್ಟಗೆ.

ಅಷ್ಟರಲ್ಲಿ ಎದೆಯೊಳಗೂ ಏನೋ ಬಿಗಿಯಿತು. ಏಕಾಂತಪ್ಪನವರು ನೆಲದ ಮೇಲೆ ಹಾಗೇ ಕೂತರು. ಮನೆಯಲ್ಲಿ ಯಾರೂ ಇರಲಿಲ್ಲ. ನಾಲ್ಕು ತಿಂಗಳಿಂದ ಯಾವ ಹೆಂಗಸು ಒಂದು ಗಳಿಗೆ ಒಬ್ಬಂಟಿ ಬಿಡುವುದಿಲ್ಲವೆಂದು ಗೊಣಗಿದ್ದರೋ, ಆಕೆ ಈಗ ಬಾಗಿಲಲ್ಲಿ ಕಾಣಲಿ ಎಂದು ದೇವರನ್ನು ಬೇಡಿಕೊಂಡರು. ಐದು ನಿಮಿಷಕ್ಕೆ ಬಿಗಿತ ಇಳಿಯಿತು. ಹೆಂಡತಿ ಬಂದಾಗ, “ಸುಲಭ ಇತ್ತು ಬಿಡು” ಎಂದರು.

ಸೋಮವಾರ ಬೆಳಗ್ಗೆ ಒಂಬತ್ತೂವರೆ. ಸೈಕಲ್ಲಿಗೆ ಮೂರೆಳೆ ವಿಭೂತಿ, ಎರಡು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು. ಏಕಾಂತಪ್ಪನವರ ತಲೆಗೆ ಬೈಕಿನ ದೊಡ್ಡ ಹೆಲ್ಮೆಟ್ಟು!

“ರಸ್ತೆದ ಎಡಕ್ಕ ಹೋಗ್ರಿ. ಬೆಲ್ ಹೊಡೀರಿ. ಸುಸ್ತಾತು ಅಂದ್ರ ಇಳೀರಿ.”

“ನಾ ಏನ್ ಯುದ್ಧಕ್ಕ ಹೊಂಟೀನೇನು?”

ಗೇಟು ದಾಟಿದರು. ಚಕ್ರ ಸಣ್ಣವು, ಕಾಲು ಹತ್ತು ಸುತ್ತು ತಿರುಗಿದರೆ ಸೈಕಲ್ಲು ನಾಲ್ಕು ಹೆಜ್ಜೆ ಮುಂದೆ. ಆದರೂ ಮುಖಕ್ಕೆ ಗಾಳಿ ಬಡಿಯಿತು. ಪಕ್ಕದಲ್ಲಿ ಯಾರೂ ಇಲ್ಲ, ತೋಳು ಹಿಡಿದವರಿಲ್ಲ! ನಾಲ್ಕು ತಿಂಗಳಲ್ಲಿ ಮೊದಲ ಸಲ ತಾನು ರೋಗಿ ಎಂಬುದು ಮರೆತುಹೋಗಿ, ಆ ಮನುಷ್ಯನ ಕಣ್ಣಲ್ಲಿ ನೀರು ಬಂತು.

ಹಂಪಸಾಗರದ ರಸ್ತೆಯ ತಿರುವಿನಲ್ಲಿ ಎಡಗಾಲ ಕೆಳಗೆ ಟಿಕ್ ಟಿಕ್ ಶುರುವಾಯಿತು. ಗೋದಾಮಿನ ಹತ್ತಿರ ಬಂದಾಗ ಟಕ್ ಎಂದಿತು. ಎಡಗಾಲು ಬರೀ ಗಾಳಿಯನ್ನು ತುಳಿಯಿತು, ಹ್ಯಾಂಡಲ್ ಎಡಕ್ಕೆ ಹೊರಳಿತು, ಏಕಾಂತಪ್ಪನವರು ರಸ್ತೆಯ ಅಂಚಿನಲ್ಲಿ ಒಣಹಾಕಿದ್ದ ಮೆಕ್ಕೆಜೋಳದ ರಾಶಿಯೊಳಗೆ ಮುಖವಿಟ್ಟು ಲೀನವಾದರು! ಹೆಲ್ಮೆಟ್ಟಿನೊಳಗೂ ಜೋಳ, ಅಂಗಿಯೊಳಗೂ ಜೋಳ.

ಎದುರಿನ ಸೈಕಲ್ ಶಾಪಿನಿಂದ ಓಡಿ ಬಂದವನು ಬೇರೆ ಯಾರೂ ಅಲ್ಲ, ಹುಲುಗಣ್ಣನೇ. ಅವರನ್ನು ಎತ್ತಿ ಕೂರಿಸಿದ. ಆಮೇಲೆ ಬಿದ್ದ ಪೆಡಲನ್ನು ಎತ್ತಿ ಬಿಸಿಲಿಗೆ ಹಿಡಿದ.

“ಇದನ್ನ ಯಾರು ಕುಂದ್ರಸಿದ್ರು ಸಾವ್ಕಾರ್ರ?”

“ಕಂಪ್ನ್ಯಾರು.”

“ಎಂಥಾ ದಡ್ಡನ್ರಿ ಅಂವ! ಎಡಗಡಿ ಪೆಡಲು ಎಡಕ್ಕ ತಿರುವಬೇಕು. ಬಲಕ್ಕ ಒತ್ತಿ ಥ್ರೆಡ್ಡೆಲ್ಲಾ ತಿಂದುಬಿಟ್ಟಾನ. ಈಗ ಪೆಡಲ್ ಕುಂದ್ರೋ ಕ್ರ್ಯಾಂಕ ಬದ್ಲಿ ಮಾಡ್ಬೇಕು. ಇಷ್ಟೂ ತಿಳಿಲಾರ್ದಾಂವ ಪಾನಾ ಯಾಕ ಹಿಡೀಬೇಕ್ರಿ?”

ಏಕಾಂತಪ್ಪನವರು ಕಿವಿಯೊಳಗಿನ ಜೋಳ ತೆಗೆಯುವುದರಲ್ಲಿ ಮಗ್ನರಾದರು. ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಅದರೊಳಗಿಂದ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದ ಕೊಟ್ರಬಸಮ್ಮನವರು ಇಳಿದರು.

“ನೀ... ನೀ ಯಾವಾಗ ಬಂದಿ?”

“ನೀವು ಗೇಟ್ ದಾಟಿದಾಗಿಂದ ಹಿಂದ ಅದೀನಿ.”

ಮೊಣಕಾಲಿನ ತರಚು ಗಾಯಕ್ಕಿಂತ ಈ ಮಾತು ಹೆಚ್ಚು ಉರಿಯಿತು. ಒಬ್ಬನೇ ಬಂದೆನೆಂದು ಕಣ್ತುಂಬಿಕೊಂಡ ಆ ದಾರಿಯೂ ಒಬ್ಬನದಾಗಿರಲಿಲ್ಲ. ಏಕಾಂತಪ್ಪನವರು ತಲೆ ತಗ್ಗಿಸಿದರು.

“ಬಿದ್ದೆ ನೋಡು. ಆತು. ಗಲ್ಲೆ ನಿನ್ನ ತಮ್ಮಂದ ಆತು.”

ಕೊಟ್ರಬಸಮ್ಮ ಮೊದಲು ಗಂಡನ ಎದೆಯ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ಅವರ ಕಾಲರಿನಿಂದ ಜೋಳದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿದರು.

“ನೀವು ಬಿದ್ದದ್ದು ನಾ ನೋಡಿಲ್ಲ” ಎಂದರು. “ಆಟೋಕ್ಕ ಎಮ್ಮಿ ಅಡ್ಡ ಬಂದಿತ್ತು.”

“ಯಾವ ಎಮ್ಮಿ?”

“ಬಂದಿತ್ತು ಅಂದೆನಲ್ರಿ! ಹತ್ರಿ ಆಟೋ, ಹತ್ತು ಹೊಡಿತೈತಿ.”

ಹುಲುಗಣ್ಣ ಸೈಕಲ್ಲನ್ನು ಮಡಚಿ ಆಟೋದ ಹಿಂದೆ ತುರುಕಿದ. ಮಡಚುವ ಸೈಕಲ್ಲು ಆ ದಿನ ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಹತ್ತಕ್ಕೆ ಎರಡು ನಿಮಿಷವಿದ್ದಾಗ ಏಕಾಂತಪ್ಪನವರು ಅಂಗಡಿಯ ಮೆಟ್ಟಿಲು ಹತ್ತಿದರು. ಕೊಟ್ರಬಸಮ್ಮ ಆಟೋದಲ್ಲೇ ಉಳಿದು, ತಮ್ಮನಿಗೆ ಕಣ್ಣಲ್ಲೇ ಏನೋ ಹೇಳಿ, ಮನೆಗೆ ತಿರುಗಿದರು. ಸೋಮಶೇಖರ ಎರಡನೆಯ ಮಾತಿಲ್ಲದೆ ಎದ್ದ. “ಬರ್ರಿ ಮಾಮಾ, ಕುಂದ್ರಿ. ನಿಮ್ಮ ಜಾಗಾ. ನಾ ಒಂದು ಚಾ ಕುಡ್ದ್ ಬರ್ತೀನಿ.”

ಏಕಾಂತಪ್ಪನವರು ಗಲ್ಲೆಯ ಮೇಲೆ ಕೂತರು. ಗೋಡೆಯ ಗಡಿಯಾರ ಹತ್ತು ಹೊಡೆಯಿತು. ಗೆದ್ದೆ! ಎಂದುಕೊಂಡು ಬೆನ್ನು ಒರಗಿಸಿದರು. ಕುರ್ಚಿ ಮೊದಲಿಗಿಂತ ಎತ್ತರವಾಗಿತ್ತು, ಕಾಲು ನೆಲಕ್ಕೆ ಎಟುಕಲಿಲ್ಲ. ಎದುರಿಗೆ ಕಂಪ್ಯೂಟರು ಕೂತಿತ್ತು. ಬೋಲ್ಟಿನ ಖಾನೆಗಳಿದ್ದ ಕಡೆ ಬಣ್ಣದ ಡಬ್ಬಿಗಳಿದ್ದವು. ಬೋಲ್ಟುಗಳು ಎಲ್ಲಿವೆಯೋ ಕಾಣಲಿಲ್ಲ.

ಒಬ್ಬ ರೈತ ಅವಸರದಿಂದ ಒಳಗೆ ಬಂದ. ಪಂಪ್‌ಸೆಟ್ಟಿನ ಮುರಿದ ಬೋಲ್ಟು ಅವನ ಕೈಯಲ್ಲಿತ್ತು. ಬಣ್ಣದ ಡಬ್ಬಿಗಳತ್ತ ನೋಡಿದ. ಒಳಕೋಣೆಯತ್ತ ಇಣುಕಿದ. ಆಮೇಲೆ ಗಲ್ಲೆಯ ಮೇಲೆ ಕೂತಿದ್ದ ಏಕಾಂತಪ್ಪನವರನ್ನೇ ನೇರವಾಗಿ ಕೇಳಿದ:

“ಅಜ್ಜಾರ, ಅಂಗಡ್ಯಾಗ ಯಾರೂ ಇಲ್ಲೇನ್ರಿ?”

ಮೂವತ್ತೆರಡು ವರ್ಷಗಳ ಯಜಮಾನಿಕೆ ಗಂಟಲವರೆಗೆ ಬಂತು. ಏಕಾಂತಪ್ಪನವರು ಗುಡುಗಲು ಬಾಯಿ ತೆರೆದರು. ಅವನ ಕೈಯಲ್ಲಿದ್ದ ಬೋಲ್ಟನ್ನು ನೋಡಿದರು, ಗೋಡೆಯ ತುಂಬ ಇದ್ದ ಬಣ್ಣದ ಡಬ್ಬಿಗಳನ್ನು ನೋಡಿದರು.

“ಇಲ್ಲಪಾ” ಎಂದರು. “ಚಾ ಕುಡ್ಯಾಕ ಹೋಗ್ಯಾನ. ಈಗ ಬರ್ತಾನ, ಕುಂದ್ರು.”