ಬೈಬೇಕಂದ್ರ ಮೊದಲ ಮಷೀನ್ ಬಂದ್ ಮಾಡ್ರಿ

ನಮ್ಮ ಕಾಕಾನಂಥಾ ಮಾಲಕನ್ನ ನೀವು ನೋಡಿರಲಿಕ್ಕಿಲ್ಲ ಬಿಡ್ರಿ. ಅವ್ರಿಗೆ ಬೈಲಿಕ್ಕೇ ಬರೂದಿಲ್ಲ! ಭಾಲ್ಕಿಯೊಳಗ ತೊಗರಿ ಬ್ಯಾಳಿ ಮಿಲ್ ನಡಸೋರಿಗೆ ಬೈಲಿಕ್ಕ ಬರೂದಿಲ್ಲಂದ್ರ ಹ್ಯಾಂಗ್ರಿ?

ಮ್ಯಾಲ ಒಂದು ಕಾನೂನು ಬ್ಯಾರೆ ಮಾಡ್ಯಾರ. ಮಿಲ್‌ನ್ಯಾಗ ಯಾರಿಗರ ಬೈಬೇಕಂದ್ರ ಮೊದಲ ಮಷೀನ್ ಬಂದ್ ಮಾಡಬೇಕು! "ಎಲ್ಲಾರ ಮುಂದ ಆಡಲಿಕ್ಕ ನಾಚಿಕಿ ಬರೋ ಮಾತು ಮಷೀನಿನ ಸಪ್ಪಳದಾಗ ಒಬ್ಬನ ಕಿವ್ಯಾಗ ಯಾಕ ಸುರೀಬೇಕು?" ಅಂತಾರ.

ಅಲ್ಲಿ ಸುಪರ್‌ವೈಜರ್ ನಾನು. ಒಮ್ಮೆ ಬ್ಯಾಳ್ಯಾಗ ಹಳ್ಳು ಉಳಿದಿದ್ವು ಅಂತ ಆರಿಸೋ ಹೆಣ್ಮಕ್ಕಳ ಮ್ಯಾಲ ನನ್ನ ಪಿತ್ತ ನೆತ್ತಿಗೇರ್ತು. ದಡದಡ ಹೋಗಿ ಸ್ವಿಚ್ ಒತ್ತಿದೆ. ಆ ಮಷೀನಿನ ಪಟ್ಟಾ ಏನು ಒಮ್ಮೆಲೆ ನಿಲ್ತದೇನ್ರಿ? ತಿರುಗಿ ತಿರುಗಿ ಸಾವಕಾಶ ನಿಲ್ತು. ಎಲ್ಲಾರೂ ನನ್ನ ಮಾರಿನೇ ನೋಡ್ಲಿಕತ್ತಾರ. ಅಷ್ಟರಾಗ ನನ್ನ ಸಿಟ್ಟು ಎಲ್ಲಿ ಹೋಯ್ತೋ ಏನೋ! "ಚಹಾ ಆಯ್ತೇನ್ರವ್ವಾ?" ಅಂದೆ.

ಮಷೀನ್ ನಡಸೋ ಮಾಣಿಕಪ್ಪ ಖಟಕ ಚಿಂಚೋಳಿ ಊರವ. ಹೋದ ಸೀಜನ್‌ದಾಗ ಅವನ ಅಂಗಿ ಪಟ್ಟಾದಾಗ ಸಿಕ್ಕಿತ್ತು. ಮೈಗೆ ಗಾಯ ಆಗಲಿಲ್ಲ. ಆದ್ರ ಆವತ್ತಿನಿಂದ ನಿದ್ದಿ ಇಲ್ಲ, ಸ್ವಿಚ್ ಕಂಡ್ರ ಬೆವರು. ಅದು ತಿಳಿದೇ ಬೀದರದಿಂದ ಬ್ಯಾಳಿ ಒಯ್ಯಲಿಕ್ಕ ಬಂದ ಸೇಠ್ ಅವನ ಮ್ಯಾಲ ಹರಿಹಾಯ್ದ: "ಈ ಹುಚ್ಚನ್ನ ಯಾಕ ಇಟ್ಕೊಂಡೀರಿ? ತಗದು ಹಾಕ್ರಿ, ಇಲ್ಲಂದ್ರ ನಿಮ್ಮ ಮಾಲು ಬ್ಯಾಡ!"

ಮಾಣಿಕಪ್ಪ ಟವೆಲ್ ಹೆಗಲಿಗೆ ಹಾಕ್ಕೊಂಡು ಕಾಕಾನ ಕಡೆ ಹೊಳ್ಳಿದ. "ನನ್ನ ಸಲುವಾಗಿ ನುಕ್ಸಾನ್ ಬ್ಯಾಡ್ರಿ ಸಾವ್ಕಾರ್ರ, ನಾ ಹೋಗ್ತೇನಿ," ಅಂದ. ಮನ್ಯಾಗ ದುಡಿಯಾಂವ ಅವನೊಬ್ಬನೇ!

ಕಾಕಾ ಎದ್ದು ಮಷೀನ್ ಬಂದ್ ಮಾಡಿದ್ರು. ಅಯ್ಯೋ ದೇವರೇ! ಕಾಕಾ ಬೈತಾರ! ಹೆಣ್ಮಕ್ಕಳು ಬ್ಯಾಳಿ ಕೇರೋ ಮರ ಕೆಳಗಿಟ್ಟು ಕುಂತ್ರು.

"ಸೇಠ್ರ, ಅವನ ಕೈ ಮುರದಿದ್ರ ದವಾಖಾನಿಗೆ ಒಯ್ತಿದ್ದೆನೋ ಇಲ್ಲೋ? ಈಗ ಮನಸ್ಸು ಹೆದರೇದ. ನನ್ನ ಮಿಲ್‌ನ್ಯಾಗೇ ಹೆದರೇದ. ಅದಕ್ಕ ಜಿಮ್ಮೇದಾರ ನಾನು. ಮಾಲು ಬ್ಯಾಡಂದ್ರ ಬಿಡ್ರಿ, ಆದ್ರ ಅವನಿಗೆ ಮಾಫಿ ಕೇಳೇ ಹೋಗ್ರಿ."

ಅದೇನು ಬೈಗುಳ ರೀ? ಒಂದು ಕೆಟ್ಟ ಶಬ್ದ ಇಲ್ಲ! ಆದ್ರೂ ಸೇಠನ ಮಾರಿ ಸುಟ್ಟ ಬದ್ನಿಕಾಯಿ ಆಗಿತ್ತು. ಅಷ್ಟು ಮಂದಿ ಮುಂದ ಕೈ ಮುಗಿದು, "ತಪ್ಪಾಯ್ತಪಾ ಮಾಣಿಕಪ್ಪ," ಅಂದ. ಮಾಲೂ ಒಯ್ದ!

ಮರುದಿನವೇ ಪಟ್ಟಾಕ್ಕ ಕಬ್ಬಿಣದ ಜಾಳಗಿ ಬಿತ್ತು. ಮಾಣಿಕಪ್ಪನ್ನ ಬೀದರಿಗೆ ಮನಸ್ಸಿನ ಡಾಕ್ಟರ್ ಹತ್ರ ಪ್ರತಿ ಸಲ ಕಾಕಾನೇ ಕರಕೊಂಡು ಹೋಗಿ, ಪಾಳಿ ಹಿಡಿದು ಕುಂತ್ರು. ಆರಾಮ ಆಗೋತನಕ ಅವನಿಗೆ ಚೀಲ ಹೊಲಿಯೋ ಕೆಲಸ, ಪಗಾರ ಮೊದಲಿನಷ್ಟೇ. "ಮಷೀನ್ ಹತ್ರ ಯಾವಾಗ ಹೋಗಬೇಕು ಅನ್ನೂದು ನೀನೇ ಹೇಳಪಾ," ಅಂದಿದ್ರು.

ಮೊನ್ನೆ ಔರಾದ್ ಕಡಿಂದ, ಠಾಣಾ ಕುಶನೂರಿನ ಹೊಸ ತೊಗರಿ ಬಂತು. ಮಾಣಿಕಪ್ಪ ತಾನೇ ಎದ್ದು ಬಂದ. "ಇವತ್ತು ನಾ ಚಾಲೂ ಮಾಡ್ತೇನ್ರಿ," ಅಂದು ಸ್ವಿಚ್ ಒತ್ತೇಬಿಟ್ಟ! ಮಿಲ್ ಗುಡುಗಿತು. ಹೆಣ್ಮಕ್ಕಳು ಮರ ಬಡಿದು ಕೇಕೆ ಹಾಕಿದ್ರು, ನಾನೂ ಹಾಕಿದೆ. ಗೆದ್ವಿ ರೀ ನಾವು!

ಹೊಳ್ಳಿ ನೋಡಿದೆ. ಮಾಣಿಕಪ್ಪ ನಗಲಿಕತ್ತಿದ್ದ, ಅವನ ಕೈ ಗಟ್ಟಿ ಇತ್ತು. ಏನರ ಆದ್ರ ಬಂದ್ ಮಾಡಲಿಕ್ಕಂತ ಸ್ವಿಚ್ಚಿನ ಬಾಜೂಕ ನಿಂತಿದ್ದ ಕಾಕಾನ ಕೈ ಗಡಗಡ ನಡುಗತಿತ್ತು. ಹೋಗಿ ಆ ಕೈ ಹಿಡಕೊಂಡೆ.